ಟೆಂಡನ್ ನೋವಿಗೆ ಸೂಜಿ: ಯಾರಿಗೆ ಫಲ, ಯಾರಿಗೆ ಬೇಡ?

ಸಿಂಧನೂರಿನ ಕಡೆ ಭತ್ತದ ನಾಟಿ, ಮಸ್ಕಿ ಮತ್ತು ಲಿಂಗಸುಗೂರಿನ ಕಡೆ ಹತ್ತಿ ಬಿಡಿಸುವ ಕೆಲಸ. ಇವು ಶುರುವಾದರೆ ಕೈನೋವಿನ ಮಾತೂ ಶುರುವಾಗುತ್ತದೆ. ಒಬ್ಬರಿಗೆ ಮೊಣಕೈ, ಇನ್ನೊಬ್ಬರಿಗೆ ಹೆಬ್ಬೆರಳಿನ ಬುಡ, ಮತ್ತೊಬ್ಬರಿಗೆ ಭುಜ. ಅಕ್ಕಿ ಗಿರಣಿಯಲ್ಲಿ ಚೀಲ ಹೊರುವ ಹಮಾಲರಿಗೂ, ಹಟ್ಟಿ ಗಣಿಯಲ್ಲಿ ದುಡಿಯುವವರಿಗೂ, ದಿನಕ್ಕೆ ನಾಲ್ಕು ಸೇರು ಹಿಟ್ಟಿನ ರೊಟ್ಟಿ ಬಡಿಯುವ ತಾಯಂದಿರಿಗೂ ಈ ನೋವು ಹೊಸದಲ್ಲ. ಆಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಒಂದು ಸೂಜಿ ಮಾಡಿಸಿಬಿಟ್ಟರೆ ಹೋಗುತ್ತದೇನು?"

ಕೆಲವರಿಗೆ ಹೋಗುತ್ತದೆ. ಕೆಲವರಿಗೆ ಒಂದು ತಿಂಗಳು ಹೋಗಿ ಮತ್ತೆ ಬರುತ್ತದೆ. ಕೆಲವು ಜಾಗಗಳಿಗೆ ಸೂಜಿ ಹಾಕಿದರೆ ಅಪಾಯವೇ ಇದೆ. ನೀವು ಯಾವ ಗುಂಪಿನವರು ಎಂದು ಸೂಜಿಗೆ ಮೊದಲೇ ಬಹುಮಟ್ಟಿಗೆ ಅಂದಾಜು ಮಾಡಬಹುದು. ಆ ಅಂದಾಜು ಹೇಗೆ ಮಾಡುತ್ತಾರೆ ಎಂಬುದನ್ನು ಒಂದೊಂದಾಗಿ ನೋಡೋಣ.

ಟೆಂಡನ್ ಅಂದರೆ ಏನು?

ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಗಟ್ಟಿ ನಾರಿಗೆ ಟೆಂಡನ್ ಎನ್ನುತ್ತಾರೆ. ಪುಸ್ತಕದ ಕನ್ನಡದಲ್ಲಿ ಸ್ನಾಯುರಜ್ಜು. ನಮ್ಮ ಕಡೆ ಇದಕ್ಕೂ 'ನರ' ಎಂದೇ ಹೇಳುತ್ತೇವೆ. ಆದರೆ ಮಿದುಳಿನ ಸಂದೇಶ ಒಯ್ಯುವ ನರ ಬೇರೆ, ಇದು ಬೇರೆ. ಬೆರಳು ಜುಮ್ಮೆನ್ನುವುದು, ಮರಗಟ್ಟುವುದು ಇದ್ದರೆ ಅದು ಬಹುಶಃ ನಿಜವಾದ ನರದ ತೊಂದರೆ. ಅದರ ಚಿಕಿತ್ಸೆಯೂ ಬೇರೆ.

ಟೆಂಡನ್ ಹುರಿ ಹಾಕಿದ ಹಗ್ಗದಂತೆ. ಸಾವಿರಾರು ಎಳೆಗಳು ಒಂದೇ ದಿಕ್ಕಿಗೆ ಬಿಗಿಯಾಗಿ ಕೂಡಿರುತ್ತವೆ. ಒಂದೇ ಕೆಲಸವನ್ನು ತಿಂಗಳುಗಟ್ಟಲೆ ಮಾಡಿದಾಗ, ಅಥವಾ ಅಭ್ಯಾಸವಿಲ್ಲದ ಭಾರ ಒಮ್ಮೆಲೇ ಬಿದ್ದಾಗ, ಎಳೆಗಳ ಜೋಡಣೆ ಕೆಡುತ್ತದೆ. ದೇಹ ಅದನ್ನು ರಿಪೇರಿ ಮಾಡಲು ನೋಡುತ್ತದೆ. ಆದರೆ ಟೆಂಡನ್‌ಗೆ ರಕ್ತಸಂಚಾರ ಕಡಿಮೆ. ಹಾಗಾಗಿ ರಿಪೇರಿ ನಿಧಾನ.

ಮೊದಲು ಇದನ್ನೆಲ್ಲ ಬರೀ ಉರಿಯೂತ ಎಂದು ತಿಳಿಯುತ್ತಿದ್ದರು. ಹಳೆಯ ನೋವಿನಲ್ಲಿ ಉರಿಯೂತಕ್ಕಿಂತ ಎಳೆಗಳ ಸವೆತವೇ ಹೆಚ್ಚು ಎಂದು ಈಗ ಗೊತ್ತಾಗಿದೆ. ಉರಿಯೂತ ಇಳಿಸುವ ಸೂಜಿ ಹಳೆಯ ನೋವಿಗೆ ಪೂರ್ತಿ ಫಲ ಕೊಡದಿರಲು ಇದು ಒಂದು ಮುಖ್ಯ ಕಾರಣ.

ಯಾವ ಯಾವ ಸೂಜಿ ಇವೆ?

ಹೆಚ್ಚಾಗಿ ಹಾಕುವುದು ಸ್ಟೀರಾಯ್ಡ್ ಸೂಜಿ. ಸ್ಟೀರಾಯ್ಡ್ ಅಂದರೆ ಉರಿಯೂತ ಇಳಿಸುವ ಬಲವಾದ ಔಷಧ. ಮೀಥೈಲ್‌ಪ್ರೆಡ್ನಿಸೊಲೋನ್, ಟ್ರಯಾಮ್ಸಿನೊಲೋನ್ ಎಂಬ ಹೆಸರು ಚೀಟಿಯಲ್ಲಿ ಕಾಣಬಹುದು. ಜೊತೆಗೆ ಜಾಗ ಮರಗಟ್ಟಿಸುವ ಲಿಗ್ನೊಕೇನ್ ಬೆರೆಸುತ್ತಾರೆ. ನೋವಿರುವ ಜಾಗಕ್ಕೇ ಇದನ್ನು ಹಾಕುತ್ತಾರೆ.

ಎರಡನೆಯದು ಪಿ.ಆರ್.ಪಿ. ನಿಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಅದರಲ್ಲಿರುವ ಪ್ಲೇಟ್‌ಲೆಟ್ ಎಂಬ ಕಣಗಳ ಭಾಗವನ್ನು ಬೇರ್ಪಡಿಸಿ ನೋವಿನ ಜಾಗಕ್ಕೆ ಹಾಕುತ್ತಾರೆ. ಆ ಕಣಗಳು ಗಾಯ ಮಾಯಿಸಲು ಸಹಾಯ ಮಾಡುತ್ತವೆ ಎಂಬ ಲೆಕ್ಕಾಚಾರ. ಇವೆರಡಲ್ಲದೆ ಸಕ್ಕರೆ ದ್ರಾವಣದ ಸೂಜಿ, ಉಪ್ಪುನೀರಿನ ಸೂಜಿ ಮುಂತಾದವೂ ಇವೆ. ನಮ್ಮ ಕಡೆ ಅವು ಅಪರೂಪ.

ಇಲ್ಲಿ ಒಂದು ಎಚ್ಚರ. ಹಳ್ಳಿಗಳಲ್ಲಿ ಯಾವ ನೋವಿಗೂ ಸೊಂಟಕ್ಕೋ ರಟ್ಟೆಗೋ ಸೂಜಿ ಚುಚ್ಚಿ ಕಳಿಸುವ ಪದ್ಧತಿ ಇದೆ. ಅದು ಈ ಲೇಖನದಲ್ಲಿ ಹೇಳುತ್ತಿರುವ ಸೂಜಿಯಲ್ಲ. ಅದರಿಂದ ಒಂದೆರಡು ದಿನ ಆರಾಮ ಅನ್ನಿಸಬಹುದು, ಟೆಂಡನ್ ಸರಿಯಾಗುವುದಿಲ್ಲ. ಅದರಲ್ಲಿ ಸ್ಟೀರಾಯ್ಡ್ ಇದ್ದು, ಪದೇ ಪದೇ ತೆಗೆದುಕೊಂಡರೆ ಸಕ್ಕರೆ ಏರುತ್ತದೆ, ಎಲುಬು ಸವೆಯುತ್ತದೆ. ಟೆಂಡನ್ ಸೂಜಿ ಹಾಕಬೇಕಾದವರು ಎಲುಬು-ಕೀಲು ತಜ್ಞರು ಅಥವಾ ಅದರಲ್ಲಿ ತರಬೇತಿ ಪಡೆದ ವೈದ್ಯರು.

ಆರು ವಾರದ ಫಲ, ವರ್ಷದ ಫಲ

ಸೂಜಿಯ ಫಲವನ್ನು ಎರಡು ಸಲ ಅಳೆಯಬೇಕು. ಒಂದು, ಒಂದೂವರೆ ತಿಂಗಳಿಗೆ. ಇನ್ನೊಂದು, ವರ್ಷಕ್ಕೆ. ಈ ಎರಡು ಉತ್ತರ ಬೇರೆ ಬೇರೆ ಇರುತ್ತವೆ.

ಮೊಣಕೈಯ ಹೊರಬದಿಯ ನೋವನ್ನೇ ತೆಗೆದುಕೊಳ್ಳಿ. ಇದಕ್ಕೆ ಟೆನಿಸ್ ಎಲ್ಬೋ ಎಂಬ ಹೆಸರಿದೆ. ಟೆನಿಸ್ ಆಡದವರಿಗೇ ಹೆಚ್ಚು ಬರುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ 185 ರೋಗಿಗಳ ಮೇಲೆ ಒಂದು ಅಧ್ಯಯನ ನಡೆದು 2002ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಸ್ಟೀರಾಯ್ಡ್ ಸೂಜಿ, ಒಂದು ಗುಂಪಿಗೆ ಫಿಸಿಯೋಥೆರಪಿ ಅಂದರೆ ವ್ಯಾಯಾಮ ಚಿಕಿತ್ಸೆ, ಇನ್ನೊಂದು ಗುಂಪಿಗೆ ಬರೀ ಸಲಹೆ ಕೊಟ್ಟು ಕಾಯುವುದು. ಆರು ವಾರಕ್ಕೆ ಸೂಜಿಯವರಲ್ಲಿ ಶೇ. 92 ಮಂದಿ ಗುಣ ಕಂಡಿದ್ದರು. ವ್ಯಾಯಾಮದವರಲ್ಲಿ ಶೇ. 47, ಕಾದವರಲ್ಲಿ ಶೇ. 32. ಇಲ್ಲಿಗೇ ನಿಲ್ಲಿಸಿದರೆ ಸೂಜಿಯೇ ಗೆದ್ದಂತೆ. ಆದರೆ ವರ್ಷ ತುಂಬಿದಾಗ ಸೂಜಿಯವರು ಶೇ. 69ಕ್ಕೆ ಇಳಿದರು. ವ್ಯಾಯಾಮದವರು ಶೇ. 91ಕ್ಕೆ, ಸುಮ್ಮನೆ ಕಾದವರು ಶೇ. 83ಕ್ಕೆ ಏರಿದರು.

2013ರಲ್ಲಿ ಆಸ್ಟ್ರೇಲಿಯಾದಿಂದ ಬಂದ 165 ರೋಗಿಗಳ ಅಧ್ಯಯನವೂ ಇದನ್ನೇ ಹೇಳಿತು. ಸ್ಟೀರಾಯ್ಡ್ ಸೂಜಿ ಪಡೆದವರಲ್ಲಿ ಶೇ. 54 ಮಂದಿಗೆ ನೋವು ಮರುಕಳಿಸಿತು. ಔಷಧವಿಲ್ಲದ ಹುಸಿ ಸೂಜಿ ಪಡೆದವರಲ್ಲಿ ಮರುಕಳಿಸಿದ್ದು ಶೇ. 12 ಮಂದಿಗೆ ಮಾತ್ರ.

ಹೀಗೇಕೆ? ಸ್ಟೀರಾಯ್ಡ್ ನೋವನ್ನು ಬೇಗ ಇಳಿಸುತ್ತದೆ, ಆದರೆ ಟೆಂಡನ್ ಎಳೆಗಳ ರಿಪೇರಿಯನ್ನು ನಿಧಾನ ಮಾಡುತ್ತದೆ. ನೋವಿಲ್ಲವೆಂದು ಮರುವಾರವೇ ಸಲಿಕೆ ಹಿಡಿದರೆ, ಇನ್ನೂ ಮಾಯದ ಟೆಂಡನ್ ಮೇಲೆ ಪೂರ್ತಿ ಭಾರ ಬೀಳುತ್ತದೆ.

ಯಾರಿಗೆ ಫಲ? ಮೊದಲ ಸುಳಿವು ನೋವಿನ ಜಾಗ

ಎಲ್ಲ ಟೆಂಡನ್‌ಗಳೂ ಒಂದೇ ತರಹ ಇಲ್ಲ. ಯಾವ ಜಾಗದ ನೋವು ಎಂಬುದೇ ಸೂಜಿಯ ಫಲವನ್ನು ಎಲ್ಲಕ್ಕಿಂತ ಹೆಚ್ಚು ನಿರ್ಧರಿಸುತ್ತದೆ.

ಸೂಜಿ ಚೆನ್ನಾಗಿ ಕೆಲಸ ಮಾಡುವುದು ಬೆರಳು ಮತ್ತು ಹೆಬ್ಬೆರಳಿನಲ್ಲಿ. ಇಲ್ಲಿ ಟೆಂಡನ್ ಒಂದು ಕವಚದೊಳಗೆ ಜಾರುತ್ತದೆ. ಕವಚ ದಪ್ಪವಾದಾಗ ಜಾರುವುದು ಕಷ್ಟ. ಬೆರಳು ಮಡಚಿದರೆ ಸಿಕ್ಕಿಕೊಂಡು, ಬಿಡಿಸುವಾಗ 'ಟಕ್' ಎನ್ನುತ್ತದೆಯೇ? ಬೆಳಿಗ್ಗೆ ಹೆಚ್ಚೇ? ಅದು ಟ್ರಿಗರ್ ಫಿಂಗರ್. ಹೆಬ್ಬೆರಳನ್ನು ಮುಷ್ಟಿಯೊಳಗೆ ಇಟ್ಟು, ಮುಂಗೈಯನ್ನು ಕಿರುಬೆರಳಿನ ಕಡೆ ಬಾಗಿಸಿದಾಗ ಹೆಬ್ಬೆರಳಿನ ಬುಡದಲ್ಲಿ ಜೀವ ಹೋಗುವಷ್ಟು ನೋವೇ? ಅದು ಡಿ ಕ್ವರ್ವೇನ್. ಸಣ್ಣ ಮಗುವನ್ನು ಎತ್ತಿ ಎತ್ತಿ ಬಾಣಂತಿಯರಿಗೂ ಇದು ಬರುತ್ತದೆ. ಈ ಎರಡರಲ್ಲೂ ಒಂದೇ ಸ್ಟೀರಾಯ್ಡ್ ಸೂಜಿಗೆ ಅರ್ಧಕ್ಕಿಂತ ಹೆಚ್ಚು ಜನರಿಗೆ ಗುಣ ಸಿಗುತ್ತದೆ. ಇಲ್ಲಿ ಸೂಜಿಗೆ ಹೆದರಬೇಕಾಗಿಲ್ಲ.

ನಡುವಿನ ಗುಂಪು ಭುಜ. ಸೂಜಿಯಿಂದ ಕೆಲವು ವಾರ ನೋವು ಇಳಿಯುತ್ತದೆ. ಬ್ರಿಟನ್‌ನಲ್ಲಿ 708 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವರ್ಷಕ್ಕೆ ಸೂಜಿ ಪಡೆದವರಿಗೂ ಪಡೆಯದವರಿಗೂ ವ್ಯತ್ಯಾಸ ಉಳಿಯಲಿಲ್ಲ. ಆದರೂ ರಾತ್ರಿ ನಿದ್ದೆಯೇ ಇಲ್ಲದಷ್ಟು, ವ್ಯಾಯಾಮಕ್ಕೆ ಕೈಯೇ ಎತ್ತಲಾಗದಷ್ಟು ನೋವಿದ್ದರೆ ಒಂದು ಸೂಜಿ ದಾರಿ ತೆರೆಯಬಹುದು. ಆ ಆರಾಮದ ದಿನಗಳಲ್ಲಿ ವ್ಯಾಯಾಮ ಶುರು ಮಾಡಿದವರಿಗೆ ಅದರ ಲಾಭ.

ಮೂರನೆಯದು ಮೊಣಕೈ. ಅಂಕಿಗಳನ್ನು ಮೇಲೆ ನೋಡಿದಿರಿ. ಇಲ್ಲಿ ಸೂಜಿ ಕೊನೆಯ ದಾರಿಯಾಗಿರಲಿ.

ನಾಲ್ಕನೆಯದು ಹಿಮ್ಮಡಿಯ ಮೇಲಿನ ಅಕಿಲಿಸ್ ಟೆಂಡನ್ ಮತ್ತು ಮೊಣಕಾಲ ಚಿಪ್ಪಿನ ಕೆಳಗಿನ ಟೆಂಡನ್. ಇವು ಇಡೀ ದೇಹದ ಭಾರ ಹೊರುತ್ತವೆ. ಇವುಗಳೊಳಗೆ ಸ್ಟೀರಾಯ್ಡ್ ಹಾಕಿದರೆ ಟೆಂಡನ್ ಹರಿಯುವ ಅಪಾಯವಿದೆ. ಯಾರಾದರೂ ಹಾಕುತ್ತೇನೆಂದರೆ ಬೇಡ ಎನ್ನಿ, ಇನ್ನೊಬ್ಬ ತಜ್ಞರನ್ನು ಕೇಳಿ.

ಉಳಿದ ಐದು ಸುಳಿವುಗಳು

ಜಾಗ ಗೊತ್ತಾದ ಮೇಲೆ ವೈದ್ಯರು ಇನ್ನೂ ಕೆಲವು ವಿಷಯ ನೋಡುತ್ತಾರೆ. ನೀವೂ ಮನೆಯಲ್ಲೇ ಲೆಕ್ಕ ಹಾಕಬಹುದು.

ಒಂದು, ಎಷ್ಟು ದಿನದ ನೋವು. ಟ್ರಿಗರ್ ಫಿಂಗರ್ ಆರು ತಿಂಗಳೊಳಗಿನದಾದರೆ ಸೂಜಿಗೆ ಬೇಗ ಬಗ್ಗುತ್ತದೆ. ಹಳೆಯದಾದಷ್ಟೂ ಕಷ್ಟ.

ಎರಡು, ಸಕ್ಕರೆ ಕಾಯಿಲೆ. ಸಕ್ಕರೆ ಇರುವವರಿಗೆ ಟ್ರಿಗರ್ ಫಿಂಗರ್ ಬರುವುದೂ ಹೆಚ್ಚು, ಸೂಜಿಯ ಫಲವೂ ಕಡಿಮೆ. ಅದರಲ್ಲೂ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ, ಒಂದಕ್ಕಿಂತ ಹೆಚ್ಚು ಬೆರಳು ಹಿಡಿದವರಲ್ಲಿ ನೋವು ಮರುಕಳಿಸುವ ಸಾಧ್ಯತೆ ಹೆಚ್ಚು.

ಮೂರು, ಟೆಂಡನ್ ಹರಿದಿದೆಯೇ. ಅಲ್ಟ್ರಾಸೌಂಡ್ ಅಂದರೆ ಶಬ್ದತರಂಗದ ಸ್ಕ್ಯಾನ್‌ನಲ್ಲಿ ಇದು ಕಾಣುತ್ತದೆ. ಹೆಚ್ಚು ಹರಿದಿದ್ದರೆ ಸೂಜಿಯಿಂದ ಹೆಚ್ಚಿನ ನಿರೀಕ್ಷೆ ಇಟ್ಟುಕೊಳ್ಳಬಾರದು. ಡಿ ಕ್ವರ್ವೇನ್‌ನಲ್ಲಿ ಕೆಲವರ ಕವಚದೊಳಗೆ ಇನ್ನೊಂದು ಸಣ್ಣ ಗೋಡೆ ಇರುತ್ತದೆ. ಔಷಧ ಒಂದು ಕೋಣೆಗೆ ಹೋಗಿ ಇನ್ನೊಂದಕ್ಕೆ ಹೋಗದಿದ್ದರೆ ಫಲವಿಲ್ಲ. ಸ್ಕ್ಯಾನ್ ನೋಡುತ್ತಾ ಸೂಜಿ ಹಾಕಿದರೆ ಈ ತೊಂದರೆ ತಪ್ಪುತ್ತದೆ.

ನಾಲ್ಕು, ನೋವು ಒಂದೇ ಜಾಗದಲ್ಲಿದೆಯೇ. ಬೆರಳ ತುದಿಯಿಂದ ತೋರಿಸಬಹುದಾದ ನೋವಿಗೆ ಸೂಜಿಯ ಲಾಭ ಹೆಚ್ಚು. ಕುತ್ತಿಗೆ, ಭುಜ, ಮೊಣಕೈ ಎಲ್ಲ ಕೂಡಿ ನೋಯುತ್ತಿದ್ದರೆ ಮೂಲ ಬೇರೆಡೆ ಇರಬಹುದು. ಮೊದಲು ಕುತ್ತಿಗೆಯನ್ನು ಪರೀಕ್ಷಿಸಬೇಕು.

ಐದು, ಸೂಜಿಯ ನಂತರ ಏನು ಮಾಡುತ್ತೀರಿ. ಕೂಲಿ ಬಿಡಲಾಗದೆ ಮರುದಿನವೇ ಅದೇ ಕೆಲಸಕ್ಕೆ ಹೋಗುವವರಿಗೆ ನೋವು ಬೇಗ ಮರಳುತ್ತದೆ. ಎರಡು ವಾರವಾದರೂ ಭಾರದ ಕೆಲಸ ಬದಲಿಸಿಕೊಳ್ಳುವ ಅನುಕೂಲ ಇದೆಯೇ ಎಂದು ಮನೆಯಲ್ಲಿ ಮಾತಾಡಿಕೊಂಡೇ ಸೂಜಿಯ ದಿನ ನಿಗದಿ ಮಾಡಿ. ನಾಟಿಯ ನಡುವೆ ಸೂಜಿ ಬೇಡ.

ಈ ಸುಳಿವುಗಳನ್ನು ಕೂಡಿಸಿ ಖಚಿತ ಉತ್ತರ ಕೊಡುವ ಯಂತ್ರವಾಗಲೀ ರಕ್ತಪರೀಕ್ಷೆಯಾಗಲೀ ಇಲ್ಲ. ಕೈಯಿಟ್ಟು ಪರೀಕ್ಷಿಸಿ, ನಿಮ್ಮ ಕೆಲಸ ಕೇಳಿ ತಿಳಿದ ವೈದ್ಯರ ಅಂದಾಜೇ ಇವತ್ತಿಗೂ ದೊಡ್ಡದು.

"ಪಿ.ಆರ್.ಪಿ. ಹಾಕಿಸಿದರೆ ಪಕ್ಕಾ ಗುಣವಂತೆ, ಹೌದೇ?"

ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಅಕಿಲಿಸ್ ಟೆಂಡನ್‌ಗೆ ಪಿ.ಆರ್.ಪಿ. ಕೊಟ್ಟು 240 ಜನರಲ್ಲಿ ನೋಡಿದ ಬ್ರಿಟನ್ನಿನ ಅಧ್ಯಯನ 2021ರಲ್ಲಿ ಬಂತು. ಆರು ತಿಂಗಳಿಗೆ ಹುಸಿ ಸೂಜಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಮೊಣಕೈ ನೋವಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಪರಾಮರ್ಶೆಯೂ ಅದೇ ವರ್ಷ ಇಂಥದೇ ತೀರ್ಮಾನಕ್ಕೆ ಬಂತು. ಗುಣ ಕಂಡೆ ಎನ್ನುವವರು ಸುಳ್ಳು ಹೇಳುತ್ತಿಲ್ಲ. ಟೆನಿಸ್ ಎಲ್ಬೋ ವರ್ಷದೊಳಗೆ ಬಹುಪಾಲು ಜನರಿಗೆ ತಾನಾಗಿಯೇ ಇಳಿಯುತ್ತದೆ. ಆ ಗುಣದ ಹೆಸರು ಸೂಜಿಗೆ ಹೋಗುತ್ತದೆ. ಸಾಲ ಮಾಡಿ ಪಿ.ಆರ್.ಪಿ. ಮಾಡಿಸಬೇಡಿ.

ಸೂಜಿ ಮಾಡಿಸುವುದಾದರೆ

ಮೊದಲು ಸಕ್ಕರೆ ಪರೀಕ್ಷೆ ಮಾಡಿಸಿ. ಸ್ಟೀರಾಯ್ಡ್ ಸೂಜಿಯ ನಂತರ ಕೆಲವು ದಿನ, ಕೆಲವರಿಗೆ ವಾರದವರೆಗೂ, ಸಕ್ಕರೆ ಏರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಹೇಳಿ. ಆ ಜಾಗದಲ್ಲಿ ಕೀವು, ಹುಣ್ಣು, ಜ್ವರ ಇದ್ದರೆ ಸೂಜಿ ಮುಂದೂಡಬೇಕು. ಇತ್ತೀಚೆಗೆ ಸಿಪ್ರೊಫ್ಲಾಕ್ಸಸಿನ್ ಅಥವಾ ಲೆವೊಫ್ಲಾಕ್ಸಸಿನ್ ಮಾತ್ರೆ ನುಂಗಿದ್ದರೆ ಅದನ್ನೂ ಹೇಳಿ. ಅವು ಟೆಂಡನ್‌ಗೆ ತೊಂದರೆ ಕೊಡುವುದುಂಟು.

ಸೂಜಿ ಹಾಕಲು ಕೆಲವೇ ನಿಮಿಷ ಸಾಕು. ಅದೇ ದಿನ ಮನೆಗೆ ಬರಬಹುದು. ಮೊದಲ ಒಂದೆರಡು ದಿನ ನೋವು ಹೆಚ್ಚಬಹುದು. ಅದಕ್ಕೆ ಗಾಬರಿ ಬೇಡ, ತಣ್ಣೀರ ಬಟ್ಟೆ ಇಡಿ. ಚುಚ್ಚಿದ ಜಾಗದಲ್ಲಿ ಚರ್ಮ ಬಿಳಿಚಬಹುದು, ತುಸು ಗುಳಿ ಬೀಳಬಹುದು. ಆದರೆ ಕೆಂಪಾಗಿ ಬಾತು, ಬಿಸಿಯಾಗಿ, ಜ್ವರ ಬಂದರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ.

ಒಂದೇ ಜಾಗಕ್ಕೆ ಎಷ್ಟು ಸಲ? ಸಾಮಾನ್ಯವಾಗಿ ಎರಡು, ಹೆಚ್ಚೆಂದರೆ ಮೂರು. ನಡುವೆ ಕೆಲವು ತಿಂಗಳ ಅಂತರ ಬೇಕು. ಎರಡನೆಯದಕ್ಕೂ ಬಗ್ಗದ ಟ್ರಿಗರ್ ಫಿಂಗರ್‌ಗೆ ಜಾಗ ಮರಗಟ್ಟಿಸಿ ಮಾಡುವ ಸಣ್ಣ ಶಸ್ತ್ರಚಿಕಿತ್ಸೆ ಇದೆ. ಅದರ ಫಲ ಚೆನ್ನಾಗಿದೆ.

ವ್ಯಾಯಾಮ ಹೇಗೆ?

ಟೆಂಡನ್ ಗಟ್ಟಿಯಾಗುವುದು ಹದವಾದ ಭಾರದಿಂದ. ಮೊಣಕೈಗೆ ಹೀಗೆ ಮಾಡಿ. ಮೇಜಿನ ಮೇಲೆ ಮುಂಗೈ ಊರಿ, ಅಂಗೈ ಕೆಳಮುಖವಾಗಿರಲಿ, ಹಸ್ತ ಅಂಚಿನಾಚೆ ಇರಲಿ. ಅರ್ಧ ಲೀಟರ್ ನೀರಿನ ಬಾಟಲಿ ಹಿಡಿಯಿರಿ. ಇನ್ನೊಂದು ಕೈಯ ಸಹಾಯದಿಂದ ಹಸ್ತ ಮೇಲೆತ್ತಿ, ನಂತರ ನೋವಿನ ಕೈಯಿಂದಲೇ ಐದು ಎಣಿಸುತ್ತಾ ನಿಧಾನ ಇಳಿಸಿ. 15 ಸಲ, ಮೂರು ಸುತ್ತು.

ಅಕಿಲಿಸ್‌ಗೆ ಸ್ವೀಡನ್ನಿನ ಹೋಕನ್ ಆಲ್ಫ್ರೆಡ್ಸನ್ 1998ರಲ್ಲಿ ಪ್ರಕಟಿಸಿದ ಕ್ರಮ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಮೆಟ್ಟಿಲಂಚಿನಲ್ಲಿ ಎರಡೂ ಕಾಲ ಬೆರಳ ಮೇಲೆ ಎದ್ದು, ನೋವಿನ ಕಾಲಿನಿಂದ ಮಾತ್ರ ಹಿಮ್ಮಡಿಯನ್ನು ನಿಧಾನ ಕೆಳಗಿಳಿಸುವುದು. ಮೊಣಕಾಲು ನೇರವಾಗಿಟ್ಟು 15 ಸಲ ಮೂರು ಸುತ್ತು, ಬಾಗಿಸಿ ಮತ್ತೆ ಅಷ್ಟೇ. ದಿನಕ್ಕೆ ಎರಡು ಹೊತ್ತು, 12 ವಾರ. ನೋವು ಹಿಮ್ಮಡಿಯ ಎಲುಬಿಗೆ ಅಂಟಿದ ಜಾಗದಲ್ಲೇ ಇದ್ದರೆ ಮೆಟ್ಟಿಲು ಬೇಡ, ನೆಲದ ಮೇಲೆ ಮಾಡಿ.

ಮಾಡುವಾಗ ಸ್ವಲ್ಪ ನೋವು ಬಂದರೆ ಹೆದರಬೇಡಿ. ಮರುದಿನ ಬೆಳಿಗ್ಗೆಗೆ ಇಳಿದಿದ್ದರೆ ಸರಿ. ಇಳಿಯದಿದ್ದರೆ ಭಾರ ಕಡಿಮೆ ಮಾಡಿ. ಮೂರು ವಾರಕ್ಕೇ ಫಲವಿಲ್ಲವೆಂದು ಬಿಡಬೇಡಿ.

ಕೆಲಸದ ರೀತಿಯನ್ನೂ ಬದಲಿಸಿ. ಬಿಂದಿಗೆ, ಬುಟ್ಟಿ ಎತ್ತುವಾಗ ಅಂಗೈ ಮೇಲ್ಮುಖವಾಗಿರಲಿ. ಕುರ್ಪಿಯ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ. ಕೈಯಿಂದ ಪಂಪ್ ಒತ್ತುವ ಸ್ಪ್ರೇಯರ್ ಬದಲು ಬ್ಯಾಟರಿಯದನ್ನು ಬಳಸಿ. ಸಹಾಯಧನ ಇದೆಯೇ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ.

ಖರ್ಚು ಎಷ್ಟು?

ಸ್ಟೀರಾಯ್ಡ್ ಔಷಧ ದುಬಾರಿಯಲ್ಲ. ಒಂದು ಬಾಟಲಿಗೆ ಒಂದೆರಡು ನೂರು ರೂಪಾಯಿಯ ಆಚೀಚೆ. ಖಾಸಗಿಯಲ್ಲಿ ವೈದ್ಯರ ಶುಲ್ಕ, ಸ್ಕ್ಯಾನ್ ಶುಲ್ಕ ಬೇರೆ. ಪಿ.ಆರ್.ಪಿ.ಗೆ ಒಂದು ಸಲಕ್ಕೇ ಹಲವು ಸಾವಿರ. ವ್ಯಾಯಾಮಕ್ಕೆ ಕಲಿಸುವವರ ಶುಲ್ಕ ಮಾತ್ರ, ಆಮೇಲೆ ಮನೆಯಲ್ಲೇ ಮಾಡಬಹುದು.

2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ರಕ್ಷಣೆ ಇದೆ. ಅದು ಮುಖ್ಯವಾಗಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ. ಹೊರರೋಗಿಯಾಗಿ ಹಾಕಿಸಿಕೊಳ್ಳುವ ಸೂಜಿಗೆ ಅದನ್ನೇ ನಂಬಿ ಹೋಗಬೇಡಿ. ಆದರೂ ಕಾರ್ಡ್ ಜೊತೆಗಿರಲಿ.

ಎಲ್ಲಿಗೆ ಹೋಗಬೇಕು?

ಸಕ್ಕರೆ ಪರೀಕ್ಷೆಗೆ ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು. ಎಲುಬು-ಕೀಲು ತಜ್ಞರ ಸಲಹೆಗೆ ಸಿಂಧನೂರು ಅಥವಾ ಲಿಂಗಸುಗೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ತಜ್ಞರು ಯಾವ ದಿನ ಸಿಗುತ್ತಾರೆ ಎಂದು ಕೇಳಿಕೊಂಡೇ ಹೊರಡಿ, ಒಂದು ದಿನದ ಕೂಲಿ ಉಳಿಯುತ್ತದೆ. ಮಸ್ಕಿ ಈ ಎರಡರ ನಡುವಿನ ಹಾದಿಯಲ್ಲೇ ಇದೆ. ಅಲ್ಲಿನವರಿಗೆ ಎರಡೂ ಸುಮಾರು ಮೂವತ್ತು ಕಿಲೋಮೀಟರ್ ಆಸುಪಾಸು.

ಸ್ಕ್ಯಾನ್ ನೋಡುತ್ತಾ ಸೂಜಿ ಹಾಕಿಸಬೇಕಾದರೆ, ಟೆಂಡನ್ ಹರಿದ ಅನುಮಾನವಿದ್ದರೆ ರಾಯಚೂರಿನ ರಿಮ್ಸ್‌ಗೆ ಹೋಗಿ. 2007ರಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜು ಅದು. ಮಹಿಳೆಯರಿಗೆ ಶಕ್ತಿ ಯೋಜನೆಯಲ್ಲಿ 2023ರ ಜೂನ್‌ನಿಂದ ಸಾಮಾನ್ಯ ಸಾರಿಗೆ ಬಸ್ ಉಚಿತ. ಗುರುತಿನ ಚೀಟಿ ಮರೆಯಬೇಡಿ. 2024ರಿಂದ ಸಿಂಧನೂರಿಗೆ ರೈಲೂ ಬಂದಿರುವುದರಿಂದ ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೋಗುವುದೂ ಸುಲಭವಾಗಿದೆ.

ಕೆಲಸ ಮಾಡುವಾಗ 'ಟಪ್' ಎಂದು ಸದ್ದಾಗಿ ಕೈಯೋ ಕಾಲೋ ಎತ್ತಲಾಗದಂತಾದರೆ ಸೂಜಿಯ ಯೋಚನೆ ಬಿಟ್ಟು ಅಂದೇ ತಜ್ಞರನ್ನು ನೋಡಿ. ಅದು ಟೆಂಡನ್ ಹರಿದ ಲಕ್ಷಣ.

ಸೂಜಿಗೆ ಒಪ್ಪುವ ಮೊದಲು

ವೈದ್ಯರನ್ನು ಈ ನಾಲ್ಕು ಮಾತು ಕೇಳಿ. ನನ್ನ ನೋವು ಯಾವ ಟೆಂಡನ್‌ನದು? ಯಾವ ಔಷಧ ಹಾಕುತ್ತೀರಿ? ಆರು ವಾರಕ್ಕೆ ಏನು ಫಲ, ವರ್ಷಕ್ಕೆ ಏನು ಫಲ? ಸೂಜಿಯ ಜೊತೆ ಯಾವ ವ್ಯಾಯಾಮ ಮಾಡಬೇಕು? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಉತ್ತರವನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ.

ಬೆರಳು ಸಿಕ್ಕಿಕೊಳ್ಳುತ್ತಿದ್ದರೆ, ಹೆಬ್ಬೆರಳ ಬುಡ ನೋಯುತ್ತಿದ್ದರೆ ಸೂಜಿ ಮಾಡಿಸಿಕೊಳ್ಳಲು ತಡ ಮಾಡಬೇಡಿ. ಭುಜವಾದರೆ ವ್ಯಾಯಾಮದ ಜೊತೆಗೆ ಮಾತ್ರ. ಮೊಣಕೈಯಾದರೆ ಮೊದಲು ಮೂರು ತಿಂಗಳು ವ್ಯಾಯಾಮ. ಹಿಮ್ಮಡಿಯಾದರೆ ಸ್ಟೀರಾಯ್ಡ್ ಬೇಡವೇ ಬೇಡ.